ಕೊರಳ ಮೇಲೆ ಕತ್ತಿ ಇದ್ದರಷ್ಟೇ ಬಲವಂತವೇ? ಕಳ್ಳಸಾಗಣೆಯ ಸಂತ್ರಸ್ತರು ಆರೋಪಿಗಳಾದಾಗ

2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್‌–ಥಾಯ್ಲೆಂಡ್ ಗಡಿಯ ಆನ್‌ಲೈನ್ ವಂಚನಾ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರು ವಾಯುಪಡೆಯ ಎರಡು ವಿಮಾನಗಳಲ್ಲಿ ದೇಶಕ್ಕೆ ಮರಳಿದರು. ಸುದ್ದಿಯ ಮೊದಲ ಸಾಲಿನಲ್ಲಿ ಅವರು ಪಾರಾಗಿ ಬಂದವರು. ನಾಲ್ಕು ಸಾಲು ಕೆಳಗೆ ಅವರೇ ತನಿಖಾ ಸಂಸ್ಥೆಗಳ ಮುಂದೆ ಕುಳಿತು ಉತ್ತರ ಕೊಡಬೇಕಾದವರು. ಓದುಗರಿಗೆ ಗೊಂದಲವಾಗಿದ್ದರೆ ತಪ್ಪಿಲ್ಲ. ಕೆಲಸದ ಆಸೆ ತೋರಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಬಡಿದು ವಂಚನೆ ಮಾಡಿಸಿದರೆ ಆ ಹುಡುಗ ಸಂತ್ರಸ್ತನೋ ವಂಚಕನೋ? ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಕೇಂದ್ರಗಳಲ್ಲಿ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲೇ ಅಂದಾಜು ಮಾಡಿತ್ತು.

ಈ ಪ್ರಶ್ನೆ ಎದುರಾಗಲು ಗಡಿ ದಾಟಬೇಕೆಂದೇನೂ ಇಲ್ಲ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಗಾಂಜಾ ಚೀಲದೊಂದಿಗೆ ಸಿಕ್ಕಿಬೀಳುವ ಹುಡುಗ, ಗದಗಿನ ಕಲ್ಯಾಣ ಮಂಟಪದಲ್ಲಿ ಒಡವೆ ಚೀಲ ಎತ್ತಿಕೊಂಡು ಓಡುವ ಹತ್ತು ವರ್ಷದ ಮಗು, ಹಾವೇರಿಯ ಹೆದ್ದಾರಿ ಬದಿಯ ಲಾಡ್ಜಿನಲ್ಲಿ ದಾಳಿಯ ವೇಳೆ ಸಿಕ್ಕ ಹೆಣ್ಣುಮಗಳು: ಇಂಥವರ ಹಿಂದೆ ಅವರನ್ನು ಕರೆತಂದು ದುಡಿಸಿಕೊಳ್ಳುವ ಇನ್ನೊಬ್ಬ ಇರಬಹುದು. ಪೊಲೀಸರ ಕೈಗೆ ಮೊದಲು ಸಿಗುವುದು ಮಾತ್ರ ಸರಪಳಿಯ ಕೊನೆಯ ಕೊಂಡಿ.

ಸಂತ್ರಸ್ತ ಎಂದರೆ ಯಾರು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 143 ಮಾನವ ಕಳ್ಳಸಾಗಣೆಯ ಮೂಲ ಕಲಂ. ಹಳೆಯ ದಂಡ ಸಂಹಿತೆಯ ಕಲಂ 370ರ ಜಾಗಕ್ಕೆ ಬಂದದ್ದು. ಶೋಷಣೆಯ ಉದ್ದೇಶದಿಂದ, ಬೆದರಿಕೆ, ಬಲ, ಮೋಸ, ಆಮಿಷ ಅಥವಾ ಅಧಿಕಾರದ ದುರುಪಯೋಗದ ಮೂಲಕ ಒಬ್ಬರನ್ನು ನೇಮಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಪಡೆದುಕೊಳ್ಳುವುದು ಎಲ್ಲವೂ ಇದರೊಳಗೆ ಬರುತ್ತವೆ. ಶಿಕ್ಷೆ 7ರಿಂದ 10 ವರ್ಷ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಅಥವಾ ಸಂತ್ರಸ್ತರು ಮಕ್ಕಳಾಗಿದ್ದರೆ 10 ವರ್ಷದಿಂದ ಜೀವಾವಧಿಯವರೆಗೆ. ಸಂತ್ರಸ್ತರು ಒಪ್ಪಿ ಹೋಗಿದ್ದರೆಂಬುದು ಇಲ್ಲಿ ಗಣನೆಗೆ ಬರುವುದಿಲ್ಲ ಎಂದು ಕಲಂ ಸ್ಪಷ್ಟವಾಗಿ ಹೇಳುತ್ತದೆ. ‘ನೀನೇ ಏಜೆಂಟನಿಗೆ ದುಡ್ಡು ಕೊಟ್ಟು ಹೋದವನಲ್ಲವೇ’ ಎಂಬ ಠಾಣೆಯ ಪ್ರಶ್ನೆಗೆ ಉತ್ತರ ಆ ವಿವರಣೆಯಲ್ಲೇ ಇದೆ.

ಆದರೆ ಶೋಷಣೆಯ ಪಟ್ಟಿ ನೋಡಿ. ದೈಹಿಕ ಶೋಷಣೆ, ಲೈಂಗಿಕ ಶೋಷಣೆ, ಗುಲಾಮಗಿರಿ, ಅದಕ್ಕೆ ಸಮನಾದ ಪದ್ಧತಿಗಳು, ಜೀತ, ಅಂಗಾಂಗ ತೆಗೆಯುವುದು, ಜೊತೆಗೆ ಹೊಸದಾಗಿ ಭಿಕ್ಷಾಟನೆ. ಬಲವಂತದಿಂದ ಅಪರಾಧ ಮಾಡಿಸುವುದು ಹೆಸರು ಹಿಡಿದು ಸೇರಿಲ್ಲ. ಪಟ್ಟಿ ‘ಇವುಗಳನ್ನು ಒಳಗೊಂಡಿರುತ್ತದೆ’ ಎಂಬ ರೀತಿಯಲ್ಲಿರುವುದರಿಂದ ವಂಚನಾ ಕೇಂದ್ರದ ದುಡಿಮೆಯನ್ನು ಗುಲಾಮಗಿರಿಗೆ ಸಮನಾದ ಪದ್ಧತಿ ಎಂದು ವಾದಿಸಲು ಜಾಗವಿದೆ. ಹಾಗೆ ವಾದಿಸಲೇಬೇಕು, ತಾನಾಗಿ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಲಂ 143 ಸಾಗಿಸಿದವನನ್ನು ಶಿಕ್ಷಿಸುತ್ತದೆ. ಸಾಗಣೆಗೆ ಒಳಗಾದವರು ಬಲವಂತಕ್ಕೆ ಮಾಡಿದ ಅಪರಾಧಕ್ಕೆ ಅವರನ್ನು ಶಿಕ್ಷಿಸಬಾರದು ಎಂಬ ಮಾತು ಸಂಹಿತೆಯಲ್ಲಿ ಎಲ್ಲೂ ಇಲ್ಲ. ಅವರು ಎಲ್ಲರಿಗೂ ಇರುವ ಸಾಮಾನ್ಯ ವಿನಾಯಿತಿಗಳನ್ನೇ ಹುಡುಕಿಕೊಂಡು ಹೋಗಬೇಕು.

1860ರ ಕಮ್ಮಾರ

ಆ ವಿನಾಯಿತಿಗಳಲ್ಲಿ ತೀರ ಹತ್ತಿರದ್ದು ಕಲಂ 32. ಹಳೆಯ ಕಲಂ 94 ಸಂಖ್ಯೆ ಬದಲಿಸಿಕೊಂಡು, ಹುರುಳಿನಲ್ಲಿ ಹಾಗೆಯೇ ಬಂದಿದೆ. 1860ರ ಕರಡುಗಾರರು ಕೊಟ್ಟ ಉದಾಹರಣೆಯೂ ಉಳಿದುಕೊಂಡಿದೆ: ದರೋಡೆಕೋರರ ಗುಂಪು ಒಬ್ಬ ಕಮ್ಮಾರನನ್ನು ಹಿಡಿದು, ಅಲ್ಲೇ ಕೊಲ್ಲುವುದಾಗಿ ಹೆದರಿಸಿ, ಅವನ ಸಲಕರಣೆಗಳಿಂದಲೇ ಮನೆಯೊಂದರ ಬಾಗಿಲು ಒಡೆಸುತ್ತದೆ. ಕಮ್ಮಾರ ಅಪರಾಧಿಯಲ್ಲ.

ಈ ಕಲಮಿಗೆ ಮೂರು ಬೀಗಗಳಿವೆ. ಮೊದಲನೆಯದು, ಬೆದರಿಕೆ ತಕ್ಷಣದ ಸಾವಿನದ್ದಾಗಿರಬೇಕು. ಹೊಡೆತ, ವಿದ್ಯುತ್ ಶಾಕ್, ಊಟ ನಿಲ್ಲಿಸುವುದು, ಇನ್ನೊಂದು ಕೇಂದ್ರಕ್ಕೆ ಮಾರಿಬಿಡುವ ಬೆದರಿಕೆ ಇವೆಲ್ಲ ಎಷ್ಟೇ ಕ್ರೂರವಾಗಿದ್ದರೂ ಕಲಮಿನ ಅಕ್ಷರಕ್ಕೆ ಸಾಲುವುದಿಲ್ಲ. ಎರಡನೆಯದು, ಸಾಯುವ ಭಯ ಆರೋಪಿಯ ಸ್ವಂತ ಜೀವದ್ದೇ ಆಗಿರಬೇಕು. ‘ಊರಲ್ಲಿರುವ ನಿನ್ನ ತಂಗಿಯನ್ನು ಮುಗಿಸುತ್ತೇವೆ’ ಎಂದರೆ ಕಲಂ 32 ಕೈ ಹಿಡಿಯುವುದಿಲ್ಲ. ಮೂರನೆಯದು, ಆ ಪರಿಸ್ಥಿತಿಗೆ ಅವನು ತಾನಾಗಿ ಹೋಗಿ ಸಿಲುಕಿರಬಾರದು. ಹೊಡೆತದ ಭಯಕ್ಕೆ ದರೋಡೆಕೋರರ ಗುಂಪು ಸೇರಿದವನಿಗೂ ವಿನಾಯಿತಿ ಇಲ್ಲ ಎಂದು ವಿವರಣೆಯೇ ಹೇಳುತ್ತದೆ. ಇವೆಲ್ಲದರ ಮೇಲೆ, ಕೊಲೆಗೂ ಮರಣದಂಡನೆ ಇರುವ ರಾಜ್ಯವಿರೋಧಿ ಅಪರಾಧಗಳಿಗೂ ಕಲಂ ಅನ್ವಯಿಸುವುದೇ ಇಲ್ಲ.

ಕಳ್ಳಸಾಗಣೆಯ ಹಿಡಿತ ಹೀಗೆ ನಡೆಯುವುದಿಲ್ಲ ಎಂಬುದೇ ತೊಡಕು. ಅಲ್ಲಿ ಕತ್ತಿ ಯಾವಾಗಲೂ ಕೊರಳ ಮೇಲಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಟಿಕೆಟ್ಟು, ವೀಸಾ, ಊಟ, ವಸತಿಯ ಲೆಕ್ಕವನ್ನು ಸಾಲವಾಗಿ ತಲೆಗೆ ಕಟ್ಟುತ್ತಾರೆ. ಗುರಿ ಮುಟ್ಟದ ದಿನ ದಂಡ ಸೇರಿಸುತ್ತಾರೆ. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಪ್ರವಾಸಿ ವೀಸಾದಲ್ಲಿ ಬಂದಿರುವುದರಿಂದ ಪೊಲೀಸರ ಬಳಿ ಹೋದರೆ ತಾನೇ ಜೈಲಿಗೆ ಎಂಬ ಭಯ. ಓಡಿಹೋಗಲು ಯತ್ನಿಸಿದವನನ್ನು ಎಲ್ಲರೆದುರು ಒಮ್ಮೆ ಥಳಿಸಿದರೆ ಉಳಿದವರು ತಿಂಗಳುಗಟ್ಟಲೆ ತಲೆ ಎತ್ತುವುದಿಲ್ಲ. ಅಪರಾಧ ಎಸಗುವ ಆ ಗಳಿಗೆಯಲ್ಲಿ ನೋಡಿದರೆ ಹುಡುಗ ಎ.ಸಿ. ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಟೈಪ್ ಮಾಡುತ್ತಿರುತ್ತಾನೆ. ತಕ್ಷಣದ ಸಾವನ್ನು ಹುಡುಕುವ ಕಣ್ಣಿಗೆ ಅಲ್ಲಿ ಬಲವಂತ ಕಾಣುವುದೇ ಇಲ್ಲ.

ಸಾಬೀತಿನ ಭಾರವೂ ಆರೋಪಿಯ ಮೇಲಿದೆ. ಸಾಮಾನ್ಯ ವಿನಾಯಿತಿ ಕೇಳುವವನೇ ಅದನ್ನು ಸ್ಥಾಪಿಸಬೇಕು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 108. ಸಮಾಧಾನದ ಸಂಗತಿ ಒಂದಿದೆ: ಪ್ರಾಸಿಕ್ಯೂಷನ್ನಿನಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ‘ಹೀಗಾಗಿರುವ ಸಂಭವವೇ ಹೆಚ್ಚು’ ಎಂದು ತೋರಿಸಿದರೆ ಸಾಕು. ಸುಪ್ರೀಂ ಕೋರ್ಟ್ 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಿಂದಲೂ ಈ ಅಳತೆಯನ್ನೇ ಹಿಡಿದಿದೆ. ಪ್ರಾಸಿಕ್ಯೂಷನ್ ಸಾಕ್ಷಿಗಳ ಬಾಯಿಂದಲೇ ಬಂದ ಸಂಗತಿಗಳನ್ನೂ ಇದಕ್ಕೆ ಬಳಸಿಕೊಳ್ಳಬಹುದು.

ಉದ್ದೇಶವೇ ಇರಲಿಲ್ಲ ಎಂಬ ವಾದ

ಕಲಂ 32 ಇಕ್ಕಟ್ಟಾದ್ದರಿಂದ ವಕೀಲರು ಸಾಮಾನ್ಯವಾಗಿ ಇನ್ನೊಂದು ಬಾಗಿಲು ತಟ್ಟುತ್ತಾರೆ: ಅಪರಾಧಕ್ಕೆ ಬೇಕಾದ ಮನಸ್ಸೇ ಇರಲಿಲ್ಲ ಎಂಬುದು. ಇದು ಎಲ್ಲ ಪ್ರಕರಣಗಳಲ್ಲೂ ಒಂದೇ ಬಲದ್ದಲ್ಲ.

ಒಳಗೇನಿದೆ ಎಂದು ತಿಳಿಯದೆ ಚೀಲ ಹೊತ್ತವನಿಗೆ ಇದು ಗಟ್ಟಿ ವಾದ, ಆದರೆ ಚೀಲದಲ್ಲಿ ಮಾದಕ ವಸ್ತುವಿದ್ದರೆ ಲೆಕ್ಕ ಬದಲಾಗುತ್ತದೆ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆಯ ಕಲಂ 35 ತಪ್ಪಿತಸ್ಥ ಮನಸ್ಸು ಇತ್ತೆಂದೇ ಊಹಿಸುತ್ತದೆ. ಅದನ್ನು ಅಲ್ಲಗಳೆಯಲು ಆರೋಪಿ ಸಂಶಯಾತೀತವಾಗಿ ಸಾಬೀತುಪಡಿಸಬೇಕು, ಸಂಭವ ಹೆಚ್ಚೆಂಬುದು ಸಾಲದು. ಗಾಂಜಾ 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಆಗ ಕಲಂ 37ರ ಪ್ರಕಾರ ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಅನಿಸದೆ ಜಾಮೀನೂ ಸಿಗದು. ಸಾಗಣೆದಾರರಿಗೆ ಇದು ಚೆನ್ನಾಗಿಯೇ ಗೊತ್ತು. ಸರಕು ಹೊರಲು ಬಡವರನ್ನು ಹುಡುಕುವುದೇ ಈ ಕಾರಣಕ್ಕೆ.

ವಂಚನಾ ಕೇಂದ್ರದ ಪ್ರಕರಣಗಳಲ್ಲಿ ವಾದ ಇನ್ನೂ ತೆಳು. ಅಲ್ಲಿ ಕುಳಿತವನಿಗೆ ತಾನು ಬರೆಯುತ್ತಿರುವುದು ಸುಳ್ಳೆಂದು ಗೊತ್ತಿರುತ್ತದೆ. ಒಬ್ಬರಿಗೆ ಅಕ್ರಮ ನಷ್ಟ, ಇನ್ನೊಬ್ಬರಿಗೆ ಅಕ್ರಮ ಲಾಭ ಮಾಡುವ ಉದ್ದೇಶವಿದ್ದರೆ ಕಾನೂನಿನ ಅರ್ಥದಲ್ಲಿ ಅದು ಅಪ್ರಾಮಾಣಿಕತೆ, ಲಾಭ ಯಾರ ಜೇಬಿಗೆ ಹೋದರೂ ಸರಿ. ಆದ್ದರಿಂದ ಮೋಸದ ಕಲಂ 318 ಮತ್ತು ಐಟಿ ಕಾಯ್ದೆಯ 66ಡಿ (ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು) ಎದುರಿಸುವಾಗ ‘ಉದ್ದೇಶವಿರಲಿಲ್ಲ’ ಎನ್ನುವುದಕ್ಕಿಂತ ‘ಒಳಸಂಚಿಗೆ ಬೇಕಾದ ಸ್ವತಂತ್ರ ಒಪ್ಪಿಗೆ ಇರಲಿಲ್ಲ, ಸಮಾನ ಉದ್ದೇಶ ಇರಲಿಲ್ಲ’ ಎಂದು ಗುಂಪಿನಿಂದ ಅವನನ್ನು ಬೇರ್ಪಡಿಸುವುದು ಹೆಚ್ಚು ಫಲ ಕೊಡಬಹುದು. ಭಯಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎನ್ನುವ ಕಲಂ 28ನ್ನು ಇದಕ್ಕೆ ಆಧಾರವಾಗಿ ಮುಂದಿಡಬಹುದು. ಕೃತ್ಯ ಪೂರ್ತಿ ಹೊರದೇಶದಲ್ಲೇ ನಡೆದದ್ದಾದರೆ, ಇಲ್ಲಿ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆನ್ನುವ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) ಕಲಂ 208ನ್ನೂ ಪರಿಶೀಲಿಸಬೇಕು.

ಮಕ್ಕಳಿಗೆ ದಾರಿ ಸ್ಪಷ್ಟವಿದೆ

ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ (ನ್ಯಾಯ ಸಂಹಿತೆಯ ಕಲಂ 20). ಏಳರಿಂದ ಹನ್ನೆರಡರೊಳಗೆ, ಮಾಡಿದ್ದರ ಪರಿಣಾಮ ಅರಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅಪರಾಧವಲ್ಲ (ಕಲಂ 21). ಹದಿನೆಂಟರವರೆಗೆ ಬಾಲ ನ್ಯಾಯ ಕಾಯ್ದೆ 2015. ಮಗುವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ ಆ ಕಾಯ್ದೆಯ ಕಲಂ 83(2)ರಡಿ 7 ವರ್ಷದವರೆಗೆ ಕಠಿಣ ಸಜೆ ಮತ್ತು 5 ಲಕ್ಷ ರೂಪಾಯಿ ದಂಡ. ಮದ್ಯ, ಮಾದಕ ವಸ್ತು ಸಾಗಿಸಲು ಬಳಸಿದರೆ ಕಲಂ 78. ನ್ಯಾಯ ಸಂಹಿತೆಯ ಹೊಸ ಕಲಂ 95 ಇನ್ನೂ ಮುಂದೆ ಹೋಗಿ, ಅಪರಾಧಕ್ಕೆ ಮಗುವನ್ನು ನೇಮಿಸಿಕೊಂಡವನಿಗೆ 3ರಿಂದ 10 ವರ್ಷ ಇಟ್ಟಿದೆ. ಮಗು ಆ ಕೃತ್ಯ ಎಸಗಿದರೆ ತಾನೇ ಎಸಗಿದಂತೆ ಅವನಿಗೆ ಶಿಕ್ಷೆ.

ಘೋರ ಅಪರಾಧವಲ್ಲದಿದ್ದರೆ ಮತ್ತು ವಯಸ್ಕರೊಂದಿಗೆ ಸೇರಿ ಮಾಡಿದ್ದಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಆ ವರದಿಯ ನಮೂನೆಯಲ್ಲಿ ವಯಸ್ಕರ ಗುಂಪು ಮಗುವನ್ನು ಬಳಸಿಕೊಂಡಿದೆಯೇ ಎಂದು ಕೇಳುವ ಅಂಕಣವೇ ಇದೆ. ಎಡವುವುದು ಇಲ್ಲೇ. ಅಂಕಣಕ್ಕೆ ‘ಇಲ್ಲ’ ಎಂದು ಗೀಚಿಬಿಟ್ಟರೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ಮಾತೇ ಏಳುವುದಿಲ್ಲ. ‘ಅಪ್ಪ’ ಎಂದು ಹೇಳಿಕೊಂಡು ಬಂದವನು ಜಾಮೀನು ಕೊಟ್ಟು ಕರೆದೊಯ್ಯುತ್ತಾನೆ, ಮುಂದಿನ ಮದುವೆ ಸೀಸನ್ನಿಗೆ ಮಗು ಇನ್ನೊಂದು ಊರಿನಲ್ಲಿ. ವಯಸ್ಸಿನ ತಕರಾರು ಬಂದರೆ ಮೊದಲು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಈ ಕ್ರಮ ಬಾಲ ನ್ಯಾಯ ಕಾಯ್ದೆಯ ಕಲಂ 94ರಲ್ಲೇ ಇದೆ. ಅಪ್ರಾಪ್ತ ವಯಸ್ಸಿನ ವಾದವನ್ನು ಪ್ರಕರಣ ಇತ್ಯರ್ಥವಾದ ಮೇಲೂ ಎತ್ತಬಹುದು.

ದಾಳಿಯಲ್ಲಿ ಸಿಕ್ಕ ಹೆಂಗಸರ ಸ್ಥಿತಿ ಬೇರೆ. ಅನೈತಿಕ ಸಾಗಣೆ ತಡೆ ಕಾಯ್ದೆ 1956ರ ಕಲಂ 7 (ಸಾರ್ವಜನಿಕ ಸ್ಥಳದ ಬಳಿ ವೇಶ್ಯಾವೃತ್ತಿ) ಮತ್ತು 8 (ಗಿರಾಕಿಗಳನ್ನು ಕರೆಯುವುದು) ಹೆಂಗಸಿನ ಮೇಲೆಯೇ ಬೀಳುತ್ತವೆ. ದಾಳಿಗಳಲ್ಲಿ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು, ದಂಡಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನಿರ್ದೇಶಿಸಿದೆ. ಆದರೂ ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಇವತ್ತೇ ಮನೆಗೆ ಹೋಗು’ ಎಂಬ ಸಲಹೆ ನ್ಯಾಯಾಲಯದ ಕಾರಿಡಾರಿನಲ್ಲಿ ಸುಲಭಕ್ಕೆ ಸಿಗುವಂಥದ್ದು. ದಂಡದ ರಸೀದಿ ಕೈಗೆ ಬಂದ ದಿನ ಅವಳು ದಾಖಲೆಯಲ್ಲಿ ಅಪರಾಧಿ. ಮುಂದೆ ಅವಳನ್ನು ಮಾರಿದವನ ವಿರುದ್ಧ ಸಾಕ್ಷಿ ಹೇಳಲು ನಿಂತಾಗ ಎದುರು ವಕೀಲರು ಮೊದಲು ತೆಗೆಯುವುದು ಅದನ್ನೇ.

ಮೊದಲ ವಾರದಲ್ಲೇ ಅರ್ಧ ಕೇಸು

ವಯಸ್ಕರ ಪ್ರಕರಣ ಉಳಿಯುವುದೋ ಬೀಳುವುದೋ ಬಹುಮಟ್ಟಿಗೆ ವಿಚಾರಣೆಗೂ ಮುಂಚೆಯೇ ತೀರ್ಮಾನವಾಗುತ್ತದೆ. ಅದಕ್ಕೆ ಕಾರಣ ಡಿಸ್ಚಾರ್ಜ್ ಹಂತದ ನಿಯಮ. ಆರೋಪ ಹೊರಿಸುವ ಮೊದಲು ಕೈಬಿಡಿ ಎಂದು ಕೇಳಿದಾಗ ನ್ಯಾಯಾಲಯ ನೋಡುವುದು ಪೊಲೀಸರು ಚಾರ್ಜ್‌ಶೀಟಿನೊಂದಿಗೆ ಕೊಟ್ಟ ಕಾಗದಗಳನ್ನು ಮಾತ್ರ. ಆರೋಪಿ ತನ್ನ ಜೇಬಿನಿಂದ ತೆಗೆದುಕೊಡುವ ದಾಖಲೆಗಳಿಗೆ ಆ ಹಂತದಲ್ಲಿ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟಿನ 2004ರ ದೇಬೇಂದ್ರನಾಥ್ ಪಾಢಿ ತೀರ್ಪು ಹೇಳಿದೆ. ಹಾಗಾಗಿ ಏಜೆಂಟನ ಚಾಟ್, ಹಣ ಕಟ್ಟಿದ ದಾಖಲೆ, ಗಾಯದ ಪ್ರಮಾಣಪತ್ರ ಎಲ್ಲವೂ ತನಿಖೆ ನಡೆಯುತ್ತಿರುವಾಗಲೇ ತನಿಖಾಧಿಕಾರಿಗೆ ಲಿಖಿತವಾಗಿ ಸಲ್ಲಿಕೆಯಾಗಿ, ಸ್ವೀಕೃತಿ ಸಹಿ ಪಡೆದು, ಕಡತ ಸೇರಬೇಕು. ‘ಕೋರ್ಟಿನಲ್ಲಿ ತೋರಿಸಿದರಾಯಿತು’ ಎಂದು ಮನೆಯಲ್ಲಿ ಇಟ್ಟುಕೊಂಡರೆ ಎರಡು–ಮೂರು ವರ್ಷ ಅಲೆದಾಟ ಕಟ್ಟಿಟ್ಟ ಬುತ್ತಿ. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಡಿಸ್ಚಾರ್ಜ್ ಅರ್ಜಿಗೆ 60 ದಿನಗಳ ಗಡುವೂ ಬಂದಿದೆ. ವಾರಂಟ್ ಪ್ರಕರಣಗಳಲ್ಲಿ ಕಾಗದದ ಪ್ರತಿಗಳು ಕೈಸೇರಿದ ದಿನದಿಂದ, ಸೆಷನ್ಸ್ ಪ್ರಕರಣಗಳಲ್ಲಿ ಕಮಿಟ್ ಆದ (ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದ) ದಿನದಿಂದ ಎಣಿಕೆ. ಪ್ರಶ್ನಾತೀತ ದಾಖಲೆಗಳಿದ್ದರೆ ಅದೇ ಸಂಹಿತೆಯ ಕಲಂ 528ರಡಿ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ರದ್ದತಿ ಕೇಳಬಹುದು, ಆದರೆ ಅದು ಅಪರೂಪದ ಪರಿಹಾರ.

ಸಾಕ್ಷ್ಯದಲ್ಲಿ ಏನೇನು ಬೇಕು? ಉದ್ಯೋಗದ ಜಾಹೀರಾತು, ಸಂದರ್ಶನದ ಕರೆ, ಟಿಕೆಟ್ ತೆಗೆದವರು ಯಾರು ಎಂಬುದು, ವೀಸಾ ಯಾವ ಬಗೆಯದು, ಪಾಸ್‌ಪೋರ್ಟಿನ ಮುದ್ರೆಗಳು, ಏಜೆಂಟನಿಗೆ ಹೋದ ಯುಪಿಐ ವರ್ಗಾವಣೆ, ಬಿಡುಗಡೆಗೆಂದು ಮನೆಯವರು ಕಳಿಸಿದ ಹಣ, ರಾಯಭಾರ ಕಚೇರಿಗೆ ಬರೆದ ಇಮೇಲ್, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನ ದೂರಿನ ಸಂಖ್ಯೆ. ಕೇಂದ್ರದವರು ಹುಡುಗನ ಫೋನನ್ನು ಅಳಿಸಿಯೇ ಕೊಟ್ಟಿರಬಹುದು. ಸಂಭಾಷಣೆಯ ಇನ್ನರ್ಧ ಅಮ್ಮನ, ಅಣ್ಣನ ಫೋನಿನಲ್ಲಿರುತ್ತದೆ. ಆ ಫೋನ್‌ಗಳನ್ನು ಮಾರಬಾರದು, ರಿಸೆಟ್ ಮಾಡಬಾರದು. ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಲದು: ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ನಮೂದಾಗಬೇಕು, ಎ ಭಾಗಕ್ಕೆ ಸಾಧನದ ಹೊಣೆ ಇರುವವರೂ ಬಿ ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು. ಮೈಮೇಲಿನ ಗಾಯಗಳನ್ನು ಊರಿಗೆ ಬಂದ ಕೂಡಲೇ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಬೇಕು. ತಿಂಗಳು ಕಳೆದರೆ ಕಲೆ ಉಳಿಯಬಹುದು, ಅದು ಎಂದಿನದು ಎಂದು ಹೇಳುವವರು ಇರುವುದಿಲ್ಲ.

ಎರಡನೆಯ ಕೆಲಸ, ಏಜೆಂಟನ ಮೇಲೆ ಪ್ರತ್ಯೇಕ ದೂರು. ನೇಮಕ ನಡೆದದ್ದು ಗದಗಿನಲ್ಲೋ ರಾಣೆಬೆನ್ನೂರಿನಲ್ಲೋ ಆಗಿದ್ದರೆ ಅಪರಾಧದ ಒಂದು ಭಾಗ ಅಲ್ಲೇ ನಡೆದಿದೆ, ಅಲ್ಲಿನ ಠಾಣೆಯಲ್ಲೇ ಕಲಂ 143ರಡಿ ಎಫ್‌ಐಆರ್ ಆಗಬಹುದು. ವ್ಯಾಪ್ತಿ ನಮ್ಮದಲ್ಲ ಎಂದರೆ ಶೂನ್ಯ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ, ವ್ಯಾಪ್ತಿಯುಳ್ಳ ಠಾಣೆಗೆ ಕಳಿಸುವಂಥದ್ದು) ಕೇಳಬೇಕು. ತಾನು ಆರೋಪಿಯಾದ ಮೇಲೆ ಈ ದೂರು ಕೊಟ್ಟರೆ ‘ತಪ್ಪಿಸಿಕೊಳ್ಳಲು ಹೆಣೆದ ಕಥೆ’ ಎನಿಸಿಕೊಳ್ಳುತ್ತದೆ. ಮೊದಲೇ ಕೊಟ್ಟಿದ್ದರೆ ಅದೇ ಕಾಗದ ರಕ್ಷಣೆಯ ಬೆನ್ನೆಲುಬು. ಸಿಇಎನ್ ಠಾಣೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆ) ಒಂದು ಕಡತ, ಮಾನವ ಕಳ್ಳಸಾಗಣೆ ತಡೆ ಘಟಕ ಇನ್ನೊಂದು ಕಡತ ಇಟ್ಟುಕೊಂಡು ಒಂದಕ್ಕೊಂದು ಗೊತ್ತಿಲ್ಲದಂತೆ ಸಾಗಿದರೆ ಒಬ್ಬನೇ ಮನುಷ್ಯ ಒಂದರಲ್ಲಿ ಸಂತ್ರಸ್ತ, ಇನ್ನೊಂದರಲ್ಲಿ ಆರೋಪಿ. ಒಂದರ ಪ್ರತಿಯನ್ನು ಇನ್ನೊಂದಕ್ಕೆ ಸೇರಿಸುವ ಹೊಣೆ ವಕೀಲರದೇ.

ಮೂರನೆಯದು ಹೇಳಿಕೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದು ಆಗುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರಲ್ಲಿ ಸಾಕ್ಷಿಯ ಹೇಳಿಕೆ, ಆರೋಪಿಯ ತಪ್ಪೊಪ್ಪಿಗೆ ಎರಡಕ್ಕೂ ಜಾಗವಿದೆ. ಸಾಕ್ಷಿಯಾಗಿ ಕರೆದೊಯ್ಯುತ್ತಿದ್ದಾರೋ ಆರೋಪಿಯಾಗಿಯೋ ಎಂದು ಕೇಳಿಕೊಳ್ಳದೆ ಹೋಗುವುದು ಅಪಾಯ. ಸಾಕ್ಷಿಕಟ್ಟೆಯಲ್ಲಿ ಉತ್ತರಿಸಲೇಬೇಕೆಂದು ಒತ್ತಾಯಕ್ಕೊಳಗಾಗಿ ಹೇಳಿದ್ದನ್ನು ಅವರ ವಿರುದ್ಧವೇ ಬಳಸದಂತೆ ಸಾಕ್ಷ್ಯ ಅಧಿನಿಯಮದ ಕಲಂ 137 ತಡೆಯುತ್ತದೆ, ಠಾಣೆಯಲ್ಲಿ ಸ್ವಇಚ್ಛೆಯಿಂದ ಮಾತಾಡಿದ್ದಕ್ಕೆ ಈ ಕಲಮಿನ ಗುರಾಣಿ ಇಲ್ಲ. ಹೆದರಿಕೆಯಿಂದ ಮೊದಲ ದಿನ ಒಂದು, ವಾರದ ನಂತರ ಇನ್ನೊಂದು ಹೇಳುವುದು ಸಂತ್ರಸ್ತರಲ್ಲಿ ತೀರ ಸಾಮಾನ್ಯ. ಪ್ರಾಸಿಕ್ಯೂಷನ್ನಿಗೆ ಅದೇ ಅಸ್ತ್ರ. ಹೇಳಿಕೆಗೆ ಮೊದಲು ವಕೀಲರು ಬೇಕೆಂದರೆ ದುಡ್ಡಿಲ್ಲ ಎಂಬುದು ಅಡ್ಡಿಯಾಗಬಾರದು: ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಕಲಂ 12ರಲ್ಲಿ ಮಾನವ ಸಾಗಣೆಯ ಸಂತ್ರಸ್ತರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. ಧಾರವಾಡ, ಗದಗ, ಹಾವೇರಿಯಲ್ಲಿ ಜಿಲ್ಲಾ ಪ್ರಾಧಿಕಾರ, ಹುಬ್ಬಳ್ಳಿಯಲ್ಲಿ ತಾಲ್ಲೂಕು ಸಮಿತಿ, ಫೋನಿನಲ್ಲಾದರೆ 15100.

ವಿನಾಯಿತಿ ಕೊಟ್ಟರೆ ದುರ್ಬಳಕೆಯೇ?

ತನಿಖಾಧಿಕಾರಿಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸಿಕ್ಕಿಬಿದ್ದವರೆಲ್ಲ ‘ನನ್ನಿಂದ ಬಲವಂತದಿಂದ ಮಾಡಿಸಿದರು’ ಎನ್ನಬಹುದು. ಸಂತ್ರಸ್ತರಾಗಿ ಹೋಗಿ, ಕಮಿಷನ್ ರುಚಿ ಹತ್ತಿ, ಊರಿನ ಹುಡುಗರನ್ನೇ ಕರೆಸಿಕೊಂಡವರೂ ಇರುತ್ತಾರೆ. ನಿವೃತ್ತಿಯ ಹಣ ಕಳೆದುಕೊಂಡ ಧಾರವಾಡದ ಮೇಷ್ಟ್ರಿಗೆ ಟೈಪ್ ಮಾಡಿದವನ ಕಷ್ಟ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ಇನ್ನೊಂದು ಪಕ್ಷ ಹೇಳುವುದು ಹೀಗೆ: ಶಿಕ್ಷೆಯ ಭಯವಿದ್ದರೆ ಸಂತ್ರಸ್ತರು ಬಾಯಿ ಬಿಡುವುದಿಲ್ಲ, ಅವರು ಬಾಯಿ ಬಿಡದೆ ಏಜೆಂಟನ ಮೇಲಿನ ಪ್ರಕರಣ ನಿಲ್ಲುವುದಿಲ್ಲ. ‘ಪೊಲೀಸರ ಬಳಿ ಹೋದರೆ ನೀನೇ ಒಳಗೆ’ ಎಂಬ ಸಾಗಣೆದಾರನ ಬೆದರಿಕೆಯನ್ನು ಸರ್ಕಾರವೇ ನಿಜ ಮಾಡಿದಂತಾಗುತ್ತದೆ. ಈ ವಾದವೇ ಹೆಚ್ಚು ತೂಕದ್ದು, ಏಕೆಂದರೆ ದುರ್ಬಳಕೆಗೆ ಮದ್ದು ವಿನಾಯಿತಿಯ ಅಳತೆಯಲ್ಲೇ ಸಿಗುತ್ತದೆ. ಇಂಗ್ಲೆಂಡಿನ ಆಧುನಿಕ ಗುಲಾಮಗಿರಿ ಕಾಯ್ದೆ 2015ರ ಕಲಂ 45 ನೋಡಿ. ವಯಸ್ಕರಾದರೆ ಮೂರು ಪ್ರಶ್ನೆ: ಬಲವಂತ ಇತ್ತೇ, ಅದು ಗುಲಾಮಗಿರಿ ಅಥವಾ ಶೋಷಣೆಯಿಂದಲೇ ಹುಟ್ಟಿದ್ದೇ, ಅದೇ ಸ್ಥಿತಿಯಲ್ಲಿ, ಅದೇ ವಯಸ್ಸು ಮತ್ತು ದೌರ್ಬಲ್ಯದ ಇನ್ನೊಬ್ಬ ವಿವೇಕಿಗೆ ಬೇರೆ ವಾಸ್ತವಿಕ ದಾರಿ ಇತ್ತೇ? ಮಕ್ಕಳಾದರೆ ಬಲವಂತ ತೋರಿಸಬೇಕಿಲ್ಲ. ಕೊಲೆ, ಅತ್ಯಾಚಾರ ಸೇರಿದಂತೆ ಗಂಭೀರ ಅಪರಾಧಗಳ ಉದ್ದದ ಪಟ್ಟಿಯನ್ನು ಹೊರಗಿಟ್ಟಿದ್ದಾರೆ. ಸಂತ್ರಸ್ತನೆಂಬುದಕ್ಕೆ ಒಂದಿಷ್ಟು ಆಧಾರ ಮುಂದಿಟ್ಟರೆ, ಅದು ಸುಳ್ಳೆಂದು ಸಾಬೀತು ಮಾಡುವ ಭಾರ ಪ್ರಾಸಿಕ್ಯೂಷನ್ನಿನದು. ಅಲ್ಲೂ ಎಲ್ಲ ಸರಿಯಿಲ್ಲ: ಈ ಕಾಯ್ದೆಗೂ ಮುಂಚೆ ಗಾಂಜಾ ಬೆಳೆಯುವ ಮನೆಗಳಲ್ಲಿ ಸಿಕ್ಕ ಇಬ್ಬರು ವಿಯೆಟ್ನಾಮಿ ಹುಡುಗರನ್ನು ಶಿಕ್ಷಿಸಿದ್ದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಬ್ರಿಟನ್ನಿಗೆ ಹೇಳಬೇಕಾಯಿತು.

ನಮ್ಮಲ್ಲೂ ಪ್ರಯತ್ನ ನಡೆದಿತ್ತು. 2018ರಲ್ಲಿ ಲೋಕಸಭೆ ಒಪ್ಪಿದ ಮಾನವ ಸಾಗಣೆ ಮಸೂದೆಯಲ್ಲಿ ಸಂತ್ರಸ್ತರಿಗೆ ವಿನಾಯಿತಿಯ ಕಲಂ ಇತ್ತು. ವಿಚಿತ್ರವೆಂದರೆ ಅದು ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಶಿಕ್ಷೆಯ ದೊಡ್ಡ ಅಪರಾಧಗಳಿಗೆ ಮಾತ್ರ. ಸಂತ್ರಸ್ತರು ನಿಜವಾಗಿ ಸಿಕ್ಕಿಬೀಳುವ ಕಳವು, ಖೊಟ್ಟಿ ದಾಖಲೆ, ಸೈಬರ್ ವಂಚನೆಯಂಥವು ಹೊರಗುಳಿದವು. 2019ರಲ್ಲಿ ಆ ಮಸೂದೆ ಬಿದ್ದುಹೋಯಿತು, 2021ರ ಕರಡು ಸಂಸತ್ತಿನ ಮೆಟ್ಟಿಲು ಹತ್ತಲಿಲ್ಲ. 2023ರಲ್ಲಿ ದಂಡ ಸಂಹಿತೆಯನ್ನೇ ಹೊಸದಾಗಿ ಬರೆಯುವಾಗ ಕಲಂ 32ಕ್ಕೆ ಒಂದು ಪರಂತುಕ (‘ಆದರೆ ಇಂಥವರಿಗೆ ಹೀಗೆ’ ಎನ್ನುವ ಷರತ್ತಿನ ಸಾಲು) ಸೇರಿಸುವ ಅವಕಾಶವಿತ್ತು. ಸೇರಿಸಲಿಲ್ಲ.

ಶಿಕ್ಷೆಯಾಗಿಬಿಟ್ಟರೆ

ಕಾಯ್ದೆ ಬದಲಾಗುವವರೆಗೆ ಇರುವ ಅಡ್ಡದಾರಿಗಳು ಎರಡು. ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆಯೊಂದಿಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 360ರಡಿ ಪ್ರಕರಣ ಹಿಂಪಡೆಯಬಹುದು. ಅಥವಾ ಆರೋಪಿ ಅದೇ ಸಂಹಿತೆಯ ಕಲಂ 343ರಡಿ ಕ್ಷಮಾದಾನ ಪಡೆದು ಮಾಫಿ ಸಾಕ್ಷಿಯಾಗಬಹುದು. ಎರಡನೆಯದು ಮೇಲ್ನೋಟಕ್ಕೆ ಆಕರ್ಷಕ. ಆದರೆ ಅದರಲ್ಲಿ ತಾನು ಪಾಲುದಾರನೆಂದು ಒಪ್ಪಿಕೊಂಡಂತೆ, ಮೊದಲೇ ಜಾಮೀನು ಸಿಕ್ಕಿರದಿದ್ದರೆ ವಿಚಾರಣೆ ಮುಗಿಯುವವರೆಗೆ ಜೈಲಿನಲ್ಲೇ ಇರಬೇಕು. ಜಾಮೀನಿಲ್ಲದ ಸಂತ್ರಸ್ತನಿಗೆ ಇದನ್ನು ಸೂಚಿಸುವ ಮುನ್ನ ಎರಡು ಸಲ ಯೋಚಿಸಬೇಕು.

ನ್ಯೂಯಾರ್ಕ್ ರಾಜ್ಯ 2010ರಲ್ಲಿ ಸಾಗಣೆಯ ಸಂತ್ರಸ್ತರ ಮೇಲಿನ ವೇಶ್ಯಾವೃತ್ತಿ ಸಂಬಂಧದ ಹಳೆಯ ಶಿಕ್ಷೆಗಳನ್ನು ರದ್ದು ಮಾಡುವ ಅವಕಾಶ ಕೊಟ್ಟಿತು, ಅಮೆರಿಕದ ಹಲವು ರಾಜ್ಯಗಳು ಹಿಂಬಾಲಿಸಿದವು. ನಮ್ಮಲ್ಲಿ ಅಂಥ ದಾರಿಯಿಲ್ಲ, ಮೇಲ್ಮನವಿಯೊಂದೇ. ಆದ್ದರಿಂದ ತೀರ್ಪು ವಿರುದ್ಧ ಬಂದ ದಿನ ಶಿಕ್ಷೆಯ ಪ್ರಮಾಣದ ಮೇಲೆ ಮಾತಾಡಲು ಸಿಗುವ ಅವಕಾಶವನ್ನು ‘ಕರುಣೆ ತೋರಿಸಬೇಕು’ ಎಂಬ ಒಂದು ಸಾಲಿನಲ್ಲಿ ಮುಗಿಸಬಾರದು. ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ 1958ರ ಕಲಂ 3 ಅಥವಾ 4ರಡಿ ಬಿಡುಗಡೆಗೆ ಲಿಖಿತ ಅರ್ಜಿ ಕೊಡಬೇಕು, ವಯಸ್ಸು 21ರ ಒಳಗಿದ್ದರೆ ಕಲಂ 6ನ್ನೂ ಎತ್ತಬೇಕು, ಪರಿವೀಕ್ಷಣಾಧಿಕಾರಿಯ ವರದಿ ತರಿಸಲು ಕೋರಬೇಕು. ಹಾಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಅಂಟುವ ಅನರ್ಹತೆ ತಟ್ಟುವುದಿಲ್ಲ ಎಂದು ಅದೇ ಕಾಯ್ದೆಯ ಕಲಂ 12 ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮಿನ ಸಂಖ್ಯೆ ಕಾಣಿಸಿ, ಆದೇಶದಲ್ಲೂ ಅದು ನಮೂದಾಗುವಂತೆ ಕೇಳಿದರೆ ಮುಂದೆ ನೌಕರಿಯ ಅರ್ಜಿಗೆ ಪೊಲೀಸ್ ಪರಿಶೀಲನೆ ನಡೆದಾಗ ತೋರಿಸಲು ಕೈಯಲ್ಲೊಂದು ಕಾಗದ ಇರುತ್ತದೆ.